ಸಾಮರ್ಥ್ಯಕ್ಕಿಂತ ಕಿರಿದಾದ ಕೆಲಸ: ನೌಕರರ ತೊಡಗುವಿಕೆ ಮತ್ತು ನಾಯಕತ್ವ

ನೌಕರರ ಅರಿವು, ಕೌಶಲ, ಅನುಭವಗಳಿಗೆ ಹೋಲಿಸಿದರೆ ಅವರಿಗೆ ವಹಿಸಿದ ಕೆಲಸ ತೀರ ಸುಲಭವಾಗಿಯೋ ತೀರ ಕಡಿಮೆಯಾಗಿಯೋ ಇದ್ದು, ಅದರಿಂದ ಮನಸ್ಸು ಕೆಲಸದಿಂದ ದೂರ ಸರಿಯುವ ಸ್ಥಿತಿಯನ್ನು ಅಲ್ಪಸವಾಲು ಎನ್ನಬಹುದು. ಕೆಲಸದ ಹೊರೆಯಿಂದ ಬಸವಳಿದವರು ಯಾರ ಕಣ್ಣಿಗಾದರೂ ಬೀಳುತ್ತಾರೆ. ಕೆಲಸ ಸಾಲದೆ ಒಳಗೇ ಬಾಡುವವರು ಹಾಗೆ ಕಾಣಿಸಿಕೊಳ್ಳುವುದಿಲ್ಲ. ಅವರು ಸಮಯಕ್ಕೆ ಬರುತ್ತಾರೆ, ಹೇಳಿದ್ದನ್ನು ಮುಗಿಸುತ್ತಾರೆ, ಸಂಬಳ ಪಡೆಯುತ್ತಾರೆ. ಇಂಥವರನ್ನು ಮೈಗಳ್ಳರೆಂದು ತಿಳಿಯುವ ರೂಢಿ ಹಳೆಯದು. ಆದರೆ ಕಳೆದ ನೂರು ವರ್ಷಗಳ ಅಧ್ಯಯನಗಳು ಬೇರೆಯೇ ಕಡೆಗೆ ಬೆರಳು ತೋರುತ್ತವೆ: ದೋಷ ಬಹುಮಟ್ಟಿಗೆ ಕೆಲಸವನ್ನು ಕಟ್ಟಿದ ರೀತಿಯಲ್ಲಿದೆ, ಆದ್ದರಿಂದ ಅದನ್ನು ಸರಿಪಡಿಸುವ ಹೊಣೆ ಮೊದಲಿಗೆ ಮೇಲಧಿಕಾರಿಯದು.

ಹೆಸರು ಮತ್ತು ಪರಿಕಲ್ಪನೆ

ದುಡಿದು ದಣಿದು ಕುಸಿಯುವ ಸ್ಥಿತಿಯ ಬಗ್ಗೆ ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 1974ರಲ್ಲಿ ಬರೆದ ಮೇಲೆ ‘ಬರ್ನ್‌ಔಟ್’ ಎಂಬ ಪದ ವ್ಯಾಪಕ ಬಳಕೆಗೆ ಬಂತು. ಅದಕ್ಕೆ ಎದುರಾದ ಸ್ಥಿತಿಗೆ ಸ್ವಿಟ್ಜರ್ಲೆಂಡಿನ ಸಲಹೆಗಾರರಾದ ಫಿಲಿಪ್ ರೋಟ್ಲಿನ್ ಮತ್ತು ಪೀಟರ್ ವೆರ್ಡರ್ 2007ರ ತಮ್ಮ ಜರ್ಮನ್ ಪುಸ್ತಕದಲ್ಲಿ ‘ಬೋರ್‌ಔಟ್’ ಎಂದು ಹೆಸರಿಟ್ಟರು. ಅವರ ಪ್ರಕಾರ ಇದರಲ್ಲಿ ಮೂರು ಅಂಶಗಳಿವೆ: ಸಾಮರ್ಥ್ಯಕ್ಕೆ ತಕ್ಕ ಕೆಲಸವಿಲ್ಲದಿರುವುದು, ಕೆಲಸದಲ್ಲಿ ಆಸಕ್ತಿ ಹೋಗುವುದು ಮತ್ತು ಬೇಸರ. ಈ ಮೂರೂ ಒಂದನ್ನೊಂದು ಬೆಳೆಸುತ್ತವೆ. ಇನ್ನೂ ವಿಚಿತ್ರವೆಂದರೆ, ಕೆಲಸವಿಲ್ಲದ ನೌಕರರು ಅದನ್ನು ಬಾಯಿಬಿಟ್ಟು ಹೇಳದೆ ಬಿಡುವಿಲ್ಲದಂತೆ ತೋರಿಸಿಕೊಳ್ಳಲು ಶ್ರಮಪಡುತ್ತಾರೆ. ಅರ್ಧ ಗಂಟೆಯ ಕೆಲಸವನ್ನು ಅರ್ಧ ದಿನಕ್ಕೆ ಎಳೆಯುತ್ತಾರೆ, ಸುಮ್ಮನೆ ಪರದೆಯ ಮುಂದೆ ಕೂರುತ್ತಾರೆ. ಕೆಲಸವಿಲ್ಲವೆಂದು ಹೇಳಿದರೆ ಹುದ್ದೆಗೇ ಕುತ್ತು ಬರಬಹುದೆಂಬ ಅಂಜಿಕೆ ಇದರ ಹಿಂದಿದೆ.

ಅಲ್ಪಸವಾಲಿನಲ್ಲಿ ಮೂರು ಬಗೆ ಗುರುತಿಸಬಹುದು. ಒಂದು, ಪರಿಮಾಣದ ಕೊರತೆ: ದಿನಕ್ಕೆ ಸಾಕಾಗುವಷ್ಟು ಕೆಲಸವೇ ಇಲ್ಲ. ಎರಡು, ಗುಣದ ಕೊರತೆ: ಕೆಲಸ ಬೇಕಾದಷ್ಟಿದೆ, ಆದರೆ ಅದು ಬುದ್ಧಿಯನ್ನು ಕೇಳುವುದಿಲ್ಲ. ಮೂರು, ಅರ್ಹತೆ ಹೊಂದಿಕೆಯಾಗದಿರುವುದು: ಹುದ್ದೆಗೆ ಬೇಕಾದುದಕ್ಕಿಂತ ಬಹಳ ಹೆಚ್ಚು ಓದಿದವರು ಆ ಹುದ್ದೆಯಲ್ಲಿದ್ದಾರೆ. ಮೊದಲನೆಯದಕ್ಕೆ ಹೆಚ್ಚು ಕೆಲಸ ಕೊಟ್ಟರೆ ಪರಿಹಾರವಾದೀತು. ಉಳಿದೆರಡಕ್ಕೆ ಅದೇ ಮದ್ದು ಕೊಟ್ಟರೆ ಕಾಯಿಲೆ ಹೆಚ್ಚುತ್ತದೆ.

ಇತಿಹಾಸ

ಸೂಜಿಪಿನ್ನು ತಯಾರಿಕೆಯ ಉದಾಹರಣೆಯಿಂದ ಶ್ರಮವಿಭಜನೆಯನ್ನು ಕೊಂಡಾಡಿದ ಆಡಮ್ ಸ್ಮಿತ್, 1776ರ ಅದೇ ಗ್ರಂಥದ ಕೊನೆಯ ಭಾಗದಲ್ಲಿ ಅದರ ಅಪಾಯವನ್ನೂ ಎಚ್ಚರಿಸಿದ್ದ. ಬದುಕಿಡೀ ಒಂದೆರಡು ಸರಳ ಕ್ರಿಯೆಗಳನ್ನೇ ಮಾಡುವ ಮನುಷ್ಯನಿಗೆ ಬುದ್ಧಿ ಬಳಸುವ ಸಂದರ್ಭವೇ ಬರುವುದಿಲ್ಲ, ಬಳಸದ ಬುದ್ಧಿ ಮಂಕಾಗುತ್ತದೆ ಎಂಬುದು ಅವನ ಆತಂಕ. ಮುಂದೆ ಫ್ರೆಡರಿಕ್ ಟೇಲರ್ 1911ರಲ್ಲಿ ಪ್ರತಿಪಾದಿಸಿದ ವೈಜ್ಞಾನಿಕ ನಿರ್ವಹಣೆಯು ಯೋಚಿಸುವ ಕೆಲಸವನ್ನು ಮೇಲಿನವರಿಗೂ ಮಾಡುವ ಕೆಲಸವನ್ನು ಕೆಳಗಿನವರಿಗೂ ಹಂಚಿತು. ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಜೋಡಣಾ ಸಾಲನ್ನು ತಂದಾಗ ಕಾರು ಅಗ್ಗವಾಯಿತು, ಕಾರ್ಮಿಕರು ಮಾತ್ರ ನಿಲ್ಲಲಿಲ್ಲ. ಆ ವರ್ಷ ಕಾರ್ಖಾನೆಯಲ್ಲಿ ಕೆಲಸ ಬಿಟ್ಟವರ ಪ್ರಮಾಣ ಸುಮಾರು ಶೇ. 370ಕ್ಕೆ ಮುಟ್ಟಿತ್ತು, ಅಂದರೆ ಸರಾಸರಿ ಒಂದೊಂದು ಜಾಗಕ್ಕೂ ವರ್ಷದಲ್ಲಿ ಮೂರು ನಾಲ್ಕು ಸಲ ಹೊಸಬರು ಬೇಕಾಗಿದ್ದರು. 1914ರ ಜನವರಿಯಲ್ಲಿ ಫೋರ್ಡ್ ದಿನಗೂಲಿಯನ್ನು 5 ಡಾಲರಿಗೆ ಏರಿಸಿದ್ದಕ್ಕೆ ಇದೂ ಮುಖ್ಯ ಕಾರಣ. ಕೂಲಿ ಏರಿದ ಮೇಲೆ ಜನ ಉಳಿದರು. ಕೆಲಸದ ಬೇಸರ ಹಾಗೆಯೇ ಉಳಿಯಿತು. ವಾಕರ್ ಮತ್ತು ಗೆಸ್ಟ್ 1952ರಲ್ಲಿ ಪ್ರಕಟಿಸಿದ ಕಾರು ಕಾರ್ಖಾನೆಯ ಅಧ್ಯಯನದಲ್ಲಿ ಕಾರ್ಮಿಕರು ಸಂಬಳದ ಬಗ್ಗೆ ತೃಪ್ತರಾಗಿದ್ದೂ ಕೆಲಸವನ್ನು ದ್ವೇಷಿಸುತ್ತಿದ್ದುದು ಕಂಡುಬಂತು.

ಇದೇ ಕಾಲಕ್ಕೆ ಭಾರತದಲ್ಲೊಂದು ಮಹತ್ವದ ಪ್ರಯೋಗ ನಡೆಯಿತು. ಅಹಮದಾಬಾದಿನ ಕ್ಯಾಲಿಕೊ ಮಿಲ್ 1952ರಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ತಂದಿತ್ತು. ಒಂದು ಶೆಡ್‌ನಲ್ಲಿ 224 ಮಗ್ಗಗಳಿಗೆ 29 ಜನ. ಅವರನ್ನು 12 ಬಗೆಯ ಕೆಲಸಗಳಿಗೆ ಒಡೆದು ಹಾಕಲಾಗಿತ್ತು: ನೇಯುವವರು, ನೂಲಿನ ಉರುಳೆ ತುಂಬುವವರು, ಹರಿದ ಎಳೆ ಜೋಡಿಸುವವರು, ಬಟ್ಟೆ ಹೊರುವವರು, ಎಣ್ಣೆ ಹಾಕುವವರು, ಗುಡಿಸುವವರು ಹೀಗೆ. ಯಂತ್ರ ಹೊಸದಾದರೂ ಉತ್ಪಾದನೆ ಏರಲಿಲ್ಲ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಬಂದು ನೋಡಿದಾಗ, ಯಾರಿಗೂ ಯಾವ ಮಗ್ಗವೂ ‘ನಮ್ಮದು’ ಎನಿಸುತ್ತಿರಲಿಲ್ಲ. ನಿಗದಿತ ಮಗ್ಗಗಳನ್ನು ಒಂದು ಚಿಕ್ಕ ಗುಂಪಿಗೇ ಒಪ್ಪಿಸಿ, ಒಳಗಿನ ಹಂಚಿಕೆಯನ್ನು ಅವರಿಗೇ ಬಿಡಬಹುದೆಂಬ ವಿಚಾರ ಚರ್ಚೆಗೆ ಬಂದಾಗ ಕಾರ್ಮಿಕರು ಅದನ್ನು ಕೂಡಲೇ ಹಿಡಿದುಕೊಂಡು ತಾವೇ ಗುಂಪು ಕಟ್ಟಿಕೊಂಡರು. ಏಳು ಜನಕ್ಕೆ 64 ಮಗ್ಗ ಎಂಬುದು ಆ ಗುಂಪಿನ ಅಳತೆ. ಉತ್ಪಾದಕತೆ ಏರಿತು, ಕೆಡುವ ಬಟ್ಟೆ ಕಡಿಮೆಯಾಯಿತು. ಈ ವಿವರಗಳನ್ನೊಳಗೊಂಡ ರೈಸ್ ಅವರ ಗ್ರಂಥ 1958ರಲ್ಲಿ ಹೊರಬಂದಿತು.

ಸ್ವೀಡನ್ನಿನ ವೋಲ್ವೊ ಕಂಪನಿ 1974ರಲ್ಲಿ ಕಾಲ್ಮಾರ್‌ನಲ್ಲಿ, 1989ರಲ್ಲಿ ಉದ್ದೆವಾಲಾದಲ್ಲಿ ಜೋಡಣಾ ಸಾಲಿನ ಬದಲು ಚಿಕ್ಕ ತಂಡಗಳು ಕಾರು ಕಟ್ಟುವ ಕಾರ್ಖಾನೆಗಳನ್ನು ತೆರೆಯಿತು. ಅವು ಕ್ರಮವಾಗಿ 1994 ಮತ್ತು 1993ರಲ್ಲಿ ಮುಚ್ಚಿದರೂ ಕೆಲಸದ ವಿನ್ಯಾಸ ಕುರಿತ ಚರ್ಚೆಯಲ್ಲಿ ಇಂದಿಗೂ ಅವುಗಳ ಹೆಸರು ಬರುತ್ತದೆ.

ಕಾರಣಗಳು

ನೇಮಕಾತಿಯಲ್ಲಿ ಅಗತ್ಯಕ್ಕಿಂತ ಹೆಚ್ಚಿನ ಅರ್ಹತೆ ಕೇಳುವುದು, ಉದ್ಯೋಗದ ಅಭಾವದಿಂದ ಹೆಚ್ಚು ಓದಿದವರು ಸಿಕ್ಕ ಕೆಲಸಕ್ಕೆ ಸೇರುವುದು, ಗಣಕೀಕರಣದಿಂದ ಹಳೆಯ ಕೌಶಲ ಬೇಡವಾಗುವುದು ಇವು ಸಾಮಾನ್ಯ ಕಾರಣಗಳು. ಇವುಗಳಿಗಿಂತ ಗಮನಿಸಬೇಕಾದ ಕಾರಣ ಮೇಲಧಿಕಾರಿಯ ನಡವಳಿಕೆಯಲ್ಲಿರುತ್ತದೆ. ಆಸಕ್ತಿಯ ಕೆಲಸವನ್ನೆಲ್ಲ ತಾನೇ ಇಟ್ಟುಕೊಂಡು ಉಳಿದ ಚೂರುಪಾರನ್ನು ಹಂಚುವವರಿದ್ದಾರೆ. ಪ್ರತಿ ಹೆಜ್ಜೆಗೂ ತನ್ನ ಸಹಿ ಬೇಕೆನ್ನುವವರಿದ್ದಾರೆ. ಚೆನ್ನಾಗಿ ಮಾಡುತ್ತಾರೆ ಎಂಬ ಒಂದೇ ಕಾರಣಕ್ಕೆ ಒಬ್ಬರನ್ನು ಹತ್ತು ವರ್ಷ ಒಂದೇ ಜಾಗದಲ್ಲಿ ಕೂರಿಸುವವರೂ ಇದ್ದಾರೆ.

ಬೇಕೆಂದೇ ಮೂಲೆಗುಂಪು ಮಾಡುವುದು ಇದರ ಕ್ರೂರ ರೂಪ. ಜಪಾನಿನಲ್ಲಿ ಇಂಥ ನೌಕರರಿಗೆ ‘ಕಿಟಕಿ ಬದಿಯ ಬಳಗ’ ಎಂಬ ಅರ್ಥದ ಮಾತೇ ಇದೆ. ಕೆಲಸದಿಂದ ತೆಗೆಯದೆ, ಕೆಲಸವನ್ನೂ ಕೊಡದೆ, ಕಿಟಕಿಯ ಪಕ್ಕ ಕೂರಿಸಿದವರು ಅವರು. ಫ್ರಾನ್ಸಿನಲ್ಲಿ ನೌಕರರೊಬ್ಬರಿಂದ ವರ್ಷಗಳ ಕಾಲ ಅರ್ಥವುಳ್ಳ ಕೆಲಸ ಕಸಿದುಕೊಂಡಿದ್ದನ್ನು ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯ 2020ರಲ್ಲಿ ಮಾನಸಿಕ ಕಿರುಕುಳವೆಂದು ಪರಿಗಣಿಸಿತು.

ಲಕ್ಷಣಗಳು ಮತ್ತು ಪರಿಣಾಮಗಳು

ಮೊದಲು ಕಾಣುವುದು ಮೌನ. ಸಭೆಯಲ್ಲಿ ಪ್ರಶ್ನೆ ಕೇಳುತ್ತಿದ್ದವರು ಕೇಳುವುದನ್ನು ಬಿಡುತ್ತಾರೆ. ಆಮೇಲೆ ಸುಲಭದ ಕೆಲಸದಲ್ಲೇ ತಪ್ಪುಗಳು ಶುರುವಾಗುತ್ತವೆ, ಏಕೆಂದರೆ ಮನಸ್ಸು ಅಲ್ಲಿರುವುದಿಲ್ಲ. ಆಗಾಗ ರಜೆ, ಚಹಾದ ನೆಪದಲ್ಲಿ ಓಡಾಟ, ಸಹೋದ್ಯೋಗಿಗಳ ವ್ಯವಹಾರದಲ್ಲಿ ಅನಗತ್ಯ ಆಸಕ್ತಿ ಹುಟ್ಟುತ್ತವೆ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಎಂಬ ಗಾದೆ ಕಂಡುಕೊಂಡ ಸತ್ಯವೂ ಇದೇ: ಉಳಿಯೂ ಕೈಯೂ ಚುರುಕಾಗಿದ್ದು ಮರ ಸಿಗದಿದ್ದಾಗ ಕೌಶಲವೇ ಹಾನಿಗೆ ತಿರುಗುತ್ತದೆ.

ಆರೋಗ್ಯದ ಮೇಲೂ ಪರಿಣಾಮವಿದೆ. ಬ್ರಿಟನ್ನಿನ ಸರ್ಕಾರಿ ನೌಕರರನ್ನು ಕುರಿತ ವೈಟ್‌ಹಾಲ್ ಅಧ್ಯಯನದಲ್ಲಿ 35ರಿಂದ 55 ವಯಸ್ಸಿನ 7,524 ಜನರ ಮಾಹಿತಿಯನ್ನು ಆಧರಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆ, ತೀವ್ರ ಬೇಸರವಿದೆ ಎಂದವರಲ್ಲಿ ಮುಂದಿನ ವರ್ಷಗಳ ಸಾವಿನ ಪ್ರಮಾಣ ಹೆಚ್ಚಿದ್ದುದನ್ನು ಗುರುತಿಸಿತು. ಬೇಸರವೇ ನೇರ ಕಾರಣವೆಂದು ಸಂಶೋಧಕರು ಹೇಳಲಿಲ್ಲ. ಬೇಸರದೊಂದಿಗೆ ಬರುವ ಇತರ ತೊಂದರೆಗಳೂ ಇದರಲ್ಲಿ ಸೇರಿರಬಹುದು ಎಂದರು.

ವಿವರಿಸುವ ಸಿದ್ಧಾಂತಗಳು

ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಮಂಡಿಸಿದ ವಿಚಾರದಂತೆ ಸಂಬಳ, ಸೌಲಭ್ಯ, ಮೇಲ್ವಿಚಾರಣೆ ಚೆನ್ನಾಗಿದ್ದರೆ ಅಸಮಾಧಾನ ತಪ್ಪುತ್ತದೆ. ಹುರುಪು ಹುಟ್ಟುವುದು ಸಾಧನೆ, ಮನ್ನಣೆ, ಹೊಣೆ, ಬೆಳವಣಿಗೆಗಳಿಂದ. ಮಿಹಾಯ್ ಚಿಕ್ಸೆಂಟ್‌ಮಿಹಾಯ್ 1975ರಲ್ಲಿ ತೋರಿಸಿದಂತೆ ಕೌಶಲಕ್ಕಿಂತ ಸವಾಲು ದೊಡ್ಡದಾದರೆ ಆತಂಕ, ಚಿಕ್ಕದಾದರೆ ಬೇಸರ. ಎರಡೂ ಸರಿದೂಗಿದಾಗ ಮನುಷ್ಯ ಹೊತ್ತು ಹೋದದ್ದೇ ತಿಳಿಯದೆ ಕೆಲಸದಲ್ಲಿ ಮುಳುಗುತ್ತಾನೆ. ಕೌಶಲ ದಿನೇ ದಿನೇ ಬೆಳೆಯುವುದರಿಂದ ಇಂದು ಸರಿಹೊಂದಿದ ಕೆಲಸ ಎರಡು ವರ್ಷಕ್ಕೆ ಚಿಕ್ಕದಾಗುವುದು ಸಹಜ.

ರಾಬರ್ಟ್ ಕರಾಸೆಕ್ 1979ರಲ್ಲಿ ಕೆಲಸದ ಒತ್ತಡ ಮತ್ತು ಸ್ವಂತ ನಿರ್ಧಾರದ ಅವಕಾಶಗಳನ್ನು ಒಟ್ಟಿಗೆ ಅಳೆದರು. ಎರಡೂ ಕಡಿಮೆಯಿರುವ ಕೆಲಸವನ್ನು ಅವರು ‘ನಿಷ್ಕ್ರಿಯ ಕೆಲಸ’ ಎಂದರು. ಅಂಥ ಕೆಲಸದಲ್ಲಿ ಕಲಿತದ್ದೂ ಮರೆತುಹೋಗುತ್ತದೆ. ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಎಪ್ಪತ್ತರ ದಶಕದಲ್ಲಿ ಒಳ್ಳೆಯ ಕೆಲಸದ ಐದು ಗುಣಗಳನ್ನು ಪಟ್ಟಿಮಾಡಿದರು: ಬಗೆಬಗೆಯ ಕೌಶಲದ ಬಳಕೆ, ಆದಿಯಿಂದ ಅಂತ್ಯದವರೆಗೆ ಒಂದು ಪೂರ್ಣ ಕೆಲಸ, ಇತರರ ಬದುಕಿಗೆ ಅದರಿಂದಾಗುವ ಉಪಯೋಗ, ಸ್ವಾತಂತ್ರ್ಯ ಮತ್ತು ಫಲದ ಅರಿವು.

ನಾಯಕರು ಕೈಗೊಳ್ಳುವ ಕ್ರಮಗಳು

*ಕೇಳಿ ತಿಳಿಯುವುದು.* ಬೇಸರಗೊಂಡವರು ತಾವಾಗಿ ಬಂದು ಹೇಳುವುದು ಅಪರೂಪ. “ಕೆಲಸ ಹೇಗಿದೆ?” ಎಂದರೆ “ಚೆನ್ನಾಗಿದೆ ಸಾರ್” ಎಂಬ ಉತ್ತರವೇ ಬರುತ್ತದೆ. “ನಿಮಗೆ ಗೊತ್ತಿದ್ದೂ ಇಲ್ಲಿ ಮಾಡಲು ಅವಕಾಶ ಸಿಗದ ಕೆಲಸ ಯಾವುದು?” ಎಂದು ಕೇಳಿದರೆ ಮಾತು ಬಿಚ್ಚುತ್ತದೆ. ಕೆಲಸ ಕಡಿಮೆಯಿದೆ ಎಂದು ಹೇಳಿದವರಿಗೆ ಶಿಕ್ಷೆಯಾಗುವುದಿಲ್ಲ ಎಂಬ ನಂಬಿಕೆ ಮೊದಲು ಹುಟ್ಟಬೇಕು. ವಿಲಿಯಂ ಕಾನ್ 1990ರಲ್ಲಿ ಕೆಲಸದ ತೊಡಗುವಿಕೆಗೆ ಬೇಕಾದವೆಂದು ಹೇಳಿದ ಮೂರು ಮನಃಸ್ಥಿತಿಗಳಲ್ಲಿ ಈ ನಿರ್ಭಯವೂ ಒಂದು.

*ಹೊಣೆ ಹೆಚ್ಚಿಸುವುದು.* ಹರ್ಜ್‌ಬರ್ಗ್ 1968ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಕೆಲಸವನ್ನು ಅಡ್ಡಕ್ಕೆ ಹಿಗ್ಗಿಸುವುದಕ್ಕೂ ಎತ್ತರಕ್ಕೆ ಬೆಳೆಸುವುದಕ್ಕೂ ಇರುವ ಅಂತರವನ್ನು ಬಿಡಿಸಿ ತೋರಿಸಿದರು. ನೂರು ಅರ್ಜಿಗೆ ಮೊಹರು ಹಾಕುವವರಿಗೆ ಇನ್ನೂರು ಅರ್ಜಿ ಕೊಟ್ಟರೆ ಅದು ಅಡ್ಡಕ್ಕೆ ಹಿಗ್ಗಿದ ಕೆಲಸ, ಬೇಸರವೂ ಇಮ್ಮಡಿ. ಎತ್ತರಕ್ಕೆ ಬೆಳೆಸುವುದನ್ನು ತೋರಿಸಲು ಅವರು ವಿವರಿಸಿದ ಪ್ರಯೋಗ ನಡೆದದ್ದು ಒಂದು ದೊಡ್ಡ ಕಂಪನಿಯಲ್ಲಿ ಷೇರುದಾರರ ಪತ್ರಗಳಿಗೆ ಉತ್ತರ ಬರೆಯುವ ವಿಭಾಗದಲ್ಲಿ. ಅಲ್ಲಿ ನೌಕರರು ಬರೆದ ಪತ್ರಕ್ಕೆ ತಮ್ಮ ಹೆಸರಿನಲ್ಲೇ ಸಹಿ ಹಾಕಲು ಬಿಟ್ಟರು. ಅನುಭವಿಗಳ ಪತ್ರಗಳ ತಪಾಸಣೆಯನ್ನು ಪೂರ್ಣದಿಂದ ಶೇ. 10ಕ್ಕೆ ಇಳಿಸಿದರು. ಪತ್ರಗಳು ಮೇಲ್ವಿಚಾರಕರ ಮೇಜಿಗೆ ಹೋಗದೆ ನೇರ ಅಂಚೆಗೆ ಹೋದವು. ಕಠಿಣ ಪ್ರಶ್ನೆಗಳಿಗೆ ವಿಷಯವಾರು ತಜ್ಞರನ್ನು ನೌಕರರಲ್ಲಿಯೇ ನೇಮಿಸಿದರು. ಸಂಬಳ, ಸೌಲಭ್ಯಗಳನ್ನು ಮುಟ್ಟಲಿಲ್ಲ. ಮೊದಮೊದಲು ಕೆಲಸದ ಮಟ್ಟ ಕುಸಿಯಿತು, ಆರು ತಿಂಗಳ ಹೊತ್ತಿಗೆ ಉಳಿದ ಗುಂಪುಗಳನ್ನು ಮೀರಿತು. ಆ ಮೊದಲ ಕುಸಿತಕ್ಕೆ ಹೆದರಿ ಕೊಟ್ಟ ಹೊಣೆಯನ್ನು ಕಿತ್ತುಕೊಳ್ಳದಿರುವ ತಾಳ್ಮೆ ನಾಯಕರಿಗೆ ಬೇಕು.

ಇದನ್ನು ನಮ್ಮ ತಾಲ್ಲೂಕು ಕಚೇರಿಯ ಟಪಾಲು ಮೇಜಿಗೆ ಅನ್ವಯಿಸಿ ನೋಡಬಹುದು. ಎಂಜಿನಿಯರಿಂಗ್ ಓದಿದ ದ್ವಿತೀಯ ದರ್ಜೆ ಸಹಾಯಕಿಯೊಬ್ಬರು ಅಲ್ಲಿದ್ದಾರೆ ಎನ್ನೋಣ. ಬಂದ ಅರ್ಜಿಗೆ ಮೊಹರು, ಕ್ರಮಸಂಖ್ಯೆ, ದಿನಾಂಕ, ಯಾವ ಶಾಖೆಗೆ ಎಂಬ ನಮೂದು, ಇಷ್ಟೇ ಅವರ ದಿನ. ಆರು ತಿಂಗಳಲ್ಲಿ ಅವರಿಗೊಂದು ಸಂಗತಿ ತಿಳಿದಿರುತ್ತದೆ: ಪೌತಿ ಖಾತೆಯ ಅರ್ಜಿಗಳು ಮತ್ತೆ ಮತ್ತೆ ವಾಪಸಾಗುವುದು ವಂಶವೃಕ್ಷವೋ ಮರಣ ಪ್ರಮಾಣಪತ್ರವೋ ಜೊತೆಗಿಲ್ಲದ್ದಕ್ಕೆ. ಹಳ್ಳಿಯಿಂದ ಬಸ್ಸು ಹಿಡಿದು ಬಂದ ಮುದುಕಿ ಇದೊಂದು ಕಾಗದಕ್ಕಾಗಿ ಇನ್ನೆರಡು ಸಲ ಬರಬೇಕಾಗುತ್ತದೆ. ಆದರೆ ಸಹಾಯಕಿಯನ್ನು ಯಾರೂ ಕೇಳುವುದಿಲ್ಲ, ಹೇಳುವುದು ಅವರ ಕೆಲಸವೂ ಅಲ್ಲ. ಅರ್ಜಿ ಪಡೆಯುವಾಗಲೇ ದಾಖಲೆ ಪರಿಶೀಲಿಸುವ, ಕೊರತೆಯ ಹಿಂಬರಹದ ಕರಡನ್ನು ಅಲ್ಲೇ ಸಿದ್ಧಪಡಿಸುವ, ತಿಂಗಳಿಗೊಮ್ಮೆ ವಾಪಸಾತಿಯ ಕಾರಣಗಳನ್ನು ತಹಶೀಲ್ದಾರರ ಮುಂದಿಡುವ ಹೊಣೆಯನ್ನು ಅವರಿಗೆ ಒಪ್ಪಿಸಿದರೆ ಹುದ್ದೆ ಅದೇ, ಸಂಬಳ ಅದೇ, ಕೆಲಸ ಮಾತ್ರ ಬೇರೆಯಾಗುತ್ತದೆ. ಮುದುಕಿಯ ಎರಡು ದಿನದ ಕೂಲಿಯೂ ಉಳಿಯುತ್ತದೆ.

*ಅಧಿಕಾರ ಕೊಡುವುದು.* ಟರ್ಕಿಯ ಬಟ್ಟೆ ಅಂಗಡಿಗಳ ಮಾರಾಟಗಾರರನ್ನು ಅಧ್ಯಯನ ಮಾಡಿ ಬೆರಿನ್ ಎರ್ದೊಆನ್ ಮತ್ತು ತಾಲ್ಯಾ ಬಾವರ್ 2009ರಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ಉಪಯುಕ್ತ. ತಮ್ಮ ಅರ್ಹತೆ ಹುದ್ದೆಗಿಂತ ಹೆಚ್ಚೆಂದು ಭಾವಿಸಿದವರು ಚೆನ್ನಾಗಿಯೇ ಮಾರಾಟ ಮಾಡುತ್ತಿದ್ದರು. ಅವರ ಅತೃಪ್ತಿ ಮತ್ತು ಕೆಲಸ ಬಿಡುವ ಇಚ್ಛೆ, ನಿರ್ಧಾರದ ಸ್ವಾತಂತ್ರ್ಯ ಇದ್ದಲ್ಲಿ ಕಡಿಮೆಯಾಗಿತ್ತು. ಹೆಚ್ಚು ಓದಿದವರನ್ನು ಸೇರಿಸಿಕೊಂಡರೆ ನಿಲ್ಲುವುದಿಲ್ಲ ಎಂಬ ನಂಬಿಕೆ ಎಲ್ಲ ಕಡೆಗೂ ಸಲ್ಲುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

*ಫಲವನ್ನು ಕಾಣಿಸುವುದು.* ಆಡಮ್ ಗ್ರಾಂಟ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಶ್ವವಿದ್ಯಾಲಯವೊಂದಕ್ಕೆ ಫೋನಿನಲ್ಲಿ ದೇಣಿಗೆ ಕೇಳುವವರನ್ನು ಆ ಹಣದಿಂದ ವಿದ್ಯಾರ್ಥಿವೇತನ ಪಡೆದ ವಿದ್ಯಾರ್ಥಿಯೊಬ್ಬರೊಂದಿಗೆ ಕೆಲವೇ ನಿಮಿಷ ಮಾತನಾಡಿಸಲಾಯಿತು. ಒಂದು ತಿಂಗಳ ನಂತರ ಅವರು ಫೋನಿನಲ್ಲಿ ಕಳೆಯುವ ಸಮಯವೂ ತಂದ ದೇಣಿಗೆಯೂ ಇಮ್ಮಡಿ ಮೀರಿದ್ದವು. ತಾನು ಮಾಡಿದ್ದು ಯಾರಿಗೆ ತಲುಪಿತು ಎಂದು ಕಾಣದ ನೌಕರರಿಗೆ ದೊಡ್ಡ ಕೆಲಸವೂ ಸಣ್ಣದೆನಿಸುತ್ತದೆ.

*ಕೆಲಸವನ್ನು ತಾವೇ ತಿದ್ದಿಕೊಳ್ಳಲು ಬಿಡುವುದು.* ಏಮಿ ವ್ರೆಸ್ನೆವ್‌ಸ್ಕಿ ಮತ್ತು ಜೇನ್ ಡಟನ್ 2001ರಲ್ಲಿ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯನ್ನು ಉದಾಹರಿಸಿದರು. ಒಂದೇ ಕೆಲಸದವರಲ್ಲಿ ಕೆಲವರು ನೆಲ ಒರೆಸುವುದಷ್ಟೇ ತಮ್ಮ ಕೆಲಸ ಎಂದುಕೊಂಡಿದ್ದರು. ಇನ್ನು ಕೆಲವರು ರೋಗಿಗಳನ್ನು ಮಾತನಾಡಿಸುತ್ತ, ದಾದಿಯರಿಗೆ ನೆರವಾಗುತ್ತ, ತಾವೂ ರೋಗಿ ಗುಣವಾಗುವುದರ ಪಾಲುದಾರರು ಎಂದು ತಿಳಿದಿದ್ದರು. ಇಂಥ ತಿದ್ದುಪಡಿಗೆ ಅನುಮತಿ ಕೊಟ್ಟು ಸುಮ್ಮನಿರುವುದೂ ನಾಯಕತ್ವವೇ.

*ಸ್ವಂತ ವಿಚಾರಕ್ಕೆ ಸಮಯ ಕೊಡುವುದು.* 3ಎಂ ಕಂಪನಿ ತನ್ನ ತಂತ್ರಜ್ಞರಿಗೆ ಕೆಲಸದ ಸಮಯದ ಶೇ. 15ರಷ್ಟನ್ನು ಸ್ವಂತ ಆಲೋಚನೆಗೆ ಬಳಸಲು ಬಿಟ್ಟದ್ದು ಪ್ರಸಿದ್ಧ. ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಕಂಡುಹಿಡಿದ ದುರ್ಬಲ ಅಂಟಿಗೆ ಅದೇ ಕಂಪನಿಯ ಆರ್ಟ್ ಫ್ರೈ ಉಪಯೋಗ ಹುಡುಕಿ, 1980ರಲ್ಲಿ ಪೋಸ್ಟ್-ಇಟ್ ಚೀಟಿ ಅಮೆರಿಕದಾದ್ಯಂತ ಮಾರುಕಟ್ಟೆಗೆ ಬಂತು. ಗೂಗಲ್ ಸ್ಥಾಪಕರು 2004ರ ತಮ್ಮ ಪತ್ರದಲ್ಲಿ ನೌಕರರ ಶೇ. 20ರ ಸಮಯದ ಪದ್ಧತಿಯನ್ನು ಪ್ರಸ್ತಾಪಿಸಿದರು. ಟೊಯೋಟ 1951ರಲ್ಲಿ ಆರಂಭಿಸಿದ ಸಲಹಾ ಪದ್ಧತಿ ಕಾರ್ಖಾನೆಯ ಕಾರ್ಮಿಕರಿಗೂ ಕೆಲಸವನ್ನು ಸುಧಾರಿಸುವ ಹಕ್ಕು ಕೊಟ್ಟಿತು.

*ಕಲಿಸಲು ಹಚ್ಚುವುದು ಮತ್ತು ಬಿಟ್ಟುಕೊಡುವುದು.* ಕೆಲಸ ಕರಗತವಾದವರನ್ನು ಹೊಸಬರಿಗೆ ಕಲಿಸಲು ಹಚ್ಚಿದರೆ ಹಳೆಯ ಕೆಲಸಕ್ಕೇ ಹೊಸ ಕಣ್ಣು ಬರುತ್ತದೆ. ವಿಭಾಗದಿಂದ ವಿಭಾಗಕ್ಕೆ ಸರದಿಯ ಮೇಲೆ ಕಳಿಸುವುದು ಇನ್ನೊಂದು ದಾರಿ. ಇದಾವುದೂ ಸಾಲದಿದ್ದರೆ ಅವರಿಗೆ ಬಡ್ತಿಯೋ ಬೇರೆ ವಿಭಾಗವೋ ಸಿಗುವಂತೆ ಮೇಲಧಿಕಾರಿಯೇ ಶಿಫಾರಸು ಮಾಡಬೇಕು. ಒಳ್ಳೆಯ ಕೆಲಸಗಾರರನ್ನು ತನ್ನ ಅನುಕೂಲಕ್ಕೆ ಕಟ್ಟಿಹಾಕುವುದು ಅನ್ಯಾಯ.

ಭಾರತ ಮತ್ತು ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಪಿಯುಸಿ ಅರ್ಹತೆಯ ದ್ವಿತೀಯ ದರ್ಜೆ ಸಹಾಯಕ, ಪೊಲೀಸ್ ಕಾನ್‌ಸ್ಟೆಬಲ್ ಮೊದಲಾದ ಹುದ್ದೆಗಳಿಗೆ ಪದವೀಧರರೂ ಎಂಜಿನಿಯರುಗಳೂ ಸೇರುವುದು ಈಗ ಹೊಸತಲ್ಲ. ಬೆಂಗಳೂರಿನ ಐಟಿ ವಲಯದಲ್ಲಿ ಪ್ರಾಜೆಕ್ಟ್ ಸಿಗದೆ ಕಾಯುವುದನ್ನು ‘ಬೆಂಚ್ ಮೇಲಿರುವುದು’ ಎನ್ನುತ್ತಾರೆ. ಸಂಬಳ ಬರುತ್ತಿದ್ದರೂ ಬೆಂಚಿನ ಮೇಲಿನ ವಾರಗಳು ಆತ್ಮವಿಶ್ವಾಸವನ್ನು ಸವೆಸುತ್ತವೆ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ, ತಿಂಗಳುಗಟ್ಟಲೆ ತರಬೇತಿ ಪಡೆದು, ಟಿಕೆಟ್ ಮುಚ್ಚುವ ಸಪೋರ್ಟ್ ಕೆಲಸದಲ್ಲಿ ರಾತ್ರಿಪಾಳಿ ಕಳೆಯುವವರೂ ಅನೇಕ. ಇಂಥಲ್ಲಿ ಪದೇ ಪದೇ ಬರುವ ಒಂದು ದೂರಿನ ಮೂಲವನ್ನು ಹುಡುಕಿ ಅದನ್ನು ಶಾಶ್ವತವಾಗಿ ನಿಲ್ಲಿಸುವ ಹೊಣೆಯನ್ನು ಅದೇ ಹುಡುಗ ಹುಡುಗಿಯರಿಗೆ ಕೊಡುವ ಟೀಮ್ ಲೀಡ್‌ಗಳು ಕೆಲಸದ ಸ್ವರೂಪವನ್ನೇ ಬದಲಿಸಬಲ್ಲರು. ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಮಿಷನ್ ಕರ್ಮಯೋಗಿ ಸರ್ಕಾರಿ ನೌಕರರ ಸಾಮರ್ಥ್ಯವನ್ನು ಹುದ್ದೆಯ ಕೆಲಸಕ್ಕೆ ಹೊಂದಿಸುವ ಗುರಿ ಇಟ್ಟುಕೊಂಡಿದೆ. ಕಲಿತದ್ದನ್ನು ಬಳಸಲು ಮೇಜಿನ ಮೇಲೆ ಜಾಗ ಸಿಕ್ಕರೆ ಮಾತ್ರ ಇಂಥ ತರಬೇತಿ ಫಲ ಕೊಡುತ್ತದೆ.

ಮಿತಿಗಳು

ಎಲ್ಲರೂ ಹೆಚ್ಚಿನ ಸವಾಲು ಬಯಸುವುದಿಲ್ಲ. ಮನೆಯಲ್ಲಿ ಕಾಯಿಲೆಯವರಿರುವ, ಸಂಜೆ ಬೇರೆ ಓದು ಓದುತ್ತಿರುವ ನೌಕರರಿಗೆ ಸುಲಭದ ಕೆಲಸವೇ ಆಸರೆಯಾಗಿರಬಹುದು. ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಕೂಡ ಬೆಳೆಯುವ ಬಯಕೆ ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವೆಂದು ಒಪ್ಪಿದ್ದರು. ಹೊಣೆ ಹೆಚ್ಚಿಸುವ ಹೆಸರಿನಲ್ಲಿ ಸಂಬಳ ಹೆಚ್ಚಿಸದೆ ಇಬ್ಬರ ಕೆಲಸವನ್ನು ಒಬ್ಬರಿಂದ ಮಾಡಿಸುವುದು ಶೋಷಣೆ. ಕಾರ್ಮಿಕ ಸಂಘಟನೆಗಳು ಇದನ್ನು ವಿರೋಧಿಸಿರುವುದು ಸರಿಯಾಗಿದೆ. ಸುಧಾರಣೆ ತಾನಾಗಿ ಬಾಳುವುದೂ ಇಲ್ಲ. ಸಂಶೋಧಕ ಎರಿಕ್ ಮಿಲ್ಲರ್ ಅಹಮದಾಬಾದಿನ ಅದೇ ಮಿಲ್ಲಿಗೆ ಮರಳಿ ಹೋಗಿ ನೋಡಿ 1975ರಲ್ಲಿ ವರದಿ ಮಾಡಿದಾಗ, ಗುಂಪು ಪದ್ಧತಿ ಒಂದು ಶೆಡ್‌ನಲ್ಲಿ ಬಹುಮಟ್ಟಿಗೆ ಉಳಿದಿತ್ತು, ಬೇರೆಡೆ ಸವೆದಿತ್ತು.

ಇಷ್ಟೆಲ್ಲ ಅಧ್ಯಯನಗಳಿಂದ ಹೊರಡುವ ತೀರ್ಮಾನ ಸರಳವಾಗಿದೆ. ಬೇಸತ್ತ ನೌಕರರಿಗೆ ಭಾಷಣ, ಬಹುಮಾನ, ಪಿಕ್ನಿಕ್ಕುಗಳು ಒಂದು ದಿನದ ಉಪಶಮನ ಕೊಡುತ್ತವೆ. ಉಳಿಯುವ ಪರಿಹಾರವೆಂದರೆ ಒಂದು ಪೂರ್ಣ ಕೆಲಸವನ್ನು ನಂಬಿ ಒಪ್ಪಿಸುವುದು, ಅದರ ಫಲವನ್ನು ತೋರಿಸುವುದು, ಮೊದಲ ತಪ್ಪಿಗೆ ಅದನ್ನು ಹಿಂದಕ್ಕೆ ಪಡೆಯದಿರುವುದು. ಕಚೇರಿ, ಕಾರ್ಖಾನೆ, ಶಾಲೆ, ಆಸ್ಪತ್ರೆ ಎಲ್ಲೇ ಆಗಲಿ, ನಾಲ್ಕು ಜನರ ಮೇಲೆ ಅಧಿಕಾರವಿರುವ ಪ್ರತಿಯೊಬ್ಬರೂ ತಮ್ಮ ಕೈಯಲ್ಲಿರುವ ಸಹಿಗಳಲ್ಲಿ ಯಾವುದನ್ನು ಕೆಳಗಿನವರಿಗೆ ಬಿಟ್ಟುಕೊಡಬಹುದು ಎಂದು ಈ ವಾರವೇ ಒಮ್ಮೆ ಪಟ್ಟಿಮಾಡಿ ನೋಡಬೇಕು.